ಮಾದಪ್ಪನ ಹಾಡು, ಮಲೆಯ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಳ್ಳೇಗಾಲ, ಹನೂರು ಕಡೆಯವರಿಗೆ ಇಲ್ಲಿರುವ ಅರ್ಧದಷ್ಟು ಪ್ರಶ್ನೆಗಳು ಪ್ರಶ್ನೆಗಳೇ ಅಲ್ಲ. ಮಲೆ ಮಹದೇಶ್ವರನ, ಅಂದರೆ ಮಾದಪ್ಪನ, ಭಕ್ತರು ಕಂಚಿನ ತಾಳ ಹಿಡಿದು ಹಾಡಿ ಕುಣಿಯುವ ಕಂಸಾಳೆಯನ್ನು ಟೀವಿಯಲ್ಲೋ ದಸರಾ ಮೆರವಣಿಗೆಯಲ್ಲೋ ಮಾತ್ರ ನೋಡಿ, ‘ಕುಣಿತ ಚೆನ್ನಾಗಿದೆ, ಆದರೆ ಇದರಲ್ಲಿ ಏನು ಹಾಡ್ತಾರೆ, ಆ ಜನ ಅದನ್ನು ನಿಜಕ್ಕೂ ನಂಬ್ತಾರಾ?’ ಎಂದು ಕೇಳುವವರಿಗಾಗಿ ಈ ಪುಟ.

ಇದು ಯಾವ ಬೆಟ್ಟದ, ಯಾವ ಜನರ ಮಾತು?

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿರುವ ಮಲೆ ಮಹದೇಶ್ವರ ಬೆಟ್ಟ ಮತ್ತು ಅದರ ಸುತ್ತಲಿನ ಕಾಡಿನ ಊರುಗಳ ಮಾತು. ಮೈಸೂರಿನಿಂದ ಸುಮಾರು 150 ಕಿಲೋಮೀಟರ್. ಭಕ್ತರ ಲೆಕ್ಕದಲ್ಲಿ ಅದು ಒಂದು ಬೆಟ್ಟವಲ್ಲ, ಎಪ್ಪತ್ತೇಳು ಮಲೆ. ಹಾಡುವವರು ಅವುಗಳಲ್ಲಿ ಏಳನ್ನು ಹೆಸರು ಹಿಡಿದು ಕರೆಯುತ್ತಾರೆ: ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ. 

ಇಲ್ಲಿ ದೇವಸ್ಥಾನದ ಪೂಜೆ ಮಾಡುವ ಬೇಡಗಂಪಣರಿದ್ದಾರೆ, ಕಾಡಿನ ಬುಡಕಟ್ಟಿನವರಾದ ಸೋಲಿಗರಿದ್ದಾರೆ, ದನ ಕುರಿ ಸಾಕುವವರಿದ್ದಾರೆ, ಮನೆಯೊಳಗೆ ತಮಿಳು ಮಾತಾಡಿ ಹೊರಗೆ ಕನ್ನಡ ಆಡುವವರೂ ಇದ್ದಾರೆ. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗುವವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈರೋಡು, ಸೇಲಂ, ಧರ್ಮಪುರಿ ಕಡೆಯಿಂದ ಇವತ್ತಿಗೂ ಬಸ್ಸು ತುಂಬಿ ಭಕ್ತರು ಬರುವುದರಲ್ಲಿ ಆಶ್ಚರ್ಯವೇನಿಲ್ಲ. ಗಡಿ ಆಮೇಲೆ ಬಂದದ್ದು, ಮಾದಪ್ಪ ಮೊದಲೇ ಇದ್ದ.

ಮಹದೇಶ್ವರ, ಮಾದೇಶ್ವರ, ಮಾದಪ್ಪ: ಯಾವುದು ಸರಿ?

ಬೋರ್ಡಿನ ಮೇಲೆ ಮಹದೇಶ್ವರ, ಬಾಯಲ್ಲಿ ಮಾದಪ್ಪ. ಹಾಡಿನಲ್ಲಿ ಮಾದೇವ, ಮಾಯ್ಕಾರ (ಮಾಯೆ ಮಾಡುವವನು), ಏಳುಮಲೆ ಒಡೆಯ. ದೇವಸ್ಥಾನದ ಕಚೇರಿಗೆ ಅರ್ಜಿ ಬರೆಯುವುದಿದ್ದರೆ ಮೊದಲನೆಯದು ಬಳಸಿ.

ದೇವರಗುಡ್ಡರು ಅಂದರೆ ಯಾರು?

ಮಾದಪ್ಪನ ಹೆಸರಿನಲ್ಲಿ ಗುರುವಿನಿಂದ ದೀಕ್ಷೆ ಪಡೆದು, ಕಂಸಾಳೆ ಹಿಡಿದು, ಅವನ ಕಥೆ ಹಾಡುವುದನ್ನೂ ಮನೆ ಮನೆಗೆ ಭಿಕ್ಷೆಗೆ ಹೋಗುವುದನ್ನೂ ವ್ರತವಾಗಿ ಒಪ್ಪಿಕೊಂಡವರು. ಮಕ್ಕಳಾಗದವರು, ಕಾಯಿಲೆ ಬಿದ್ದ ಮಗು ಉಳಿಯಲಿ ಎಂದವರು ಹರಕೆ ಹೊತ್ತು ಒಬ್ಬ ಮಗನನ್ನು ಗುಡ್ಡನಾಗಿ ಬಿಡುವುದು ಹಳೆಯ ಪದ್ಧತಿ. ಕೆಲವು ಮನೆಗಳಲ್ಲಿ ತಲೆಮಾರಿಗೊಬ್ಬ ಗುಡ್ಡ ಇರಲೇಬೇಕು. ಹಾಲುಮತದವರು (ಕುರುಬರು) ಹೆಚ್ಚು, ಆದರೆ ಬೇರೆ ಬೇರೆ ಜಾತಿಯವರೂ ಇದ್ದಾರೆ.

ಗುಡ್ಡ ಸನ್ಯಾಸಿಯಲ್ಲ. ಹೆಂಡತಿ ಮಕ್ಕಳಿರುತ್ತಾರೆ, ಹೊಲ ಇರುತ್ತದೆ, ಸಾಲವೂ ಇರುತ್ತದೆ. ಸೋಮವಾರವೋ ಅಮಾವಾಸ್ಯೆಯೋ ಹಣೆಗೆ ವಿಭೂತಿ, ಕೊರಳಿಗೆ ರುದ್ರಾಕ್ಷಿ, ಹೆಗಲಿಗೆ ಜೋಳಿಗೆ ಹಾಕಿಕೊಂಡು ಹೊರಟರೆ ಆ ದಿನಕ್ಕೆ ಅವನು ಬೇರೆಯವನು. ನಿನ್ನೆ ಎತ್ತಿನ ವ್ಯಾಪಾರದಲ್ಲಿ ಅವನ ಜೊತೆ ಜಗಳ ಆಡಿದವರೂ ಇವತ್ತು ಮೊರದಲ್ಲಿ ರಾಗಿ ತಂದು ಜೋಳಿಗೆಗೆ ಸುರಿದು ಕೈಮುಗಿಯುತ್ತಾರೆ. ಮರುದಿನ ಜಗಳ ಮುಂದುವರಿಯಬಹುದು, ಅದು ಬೇರೆ ವಿಷಯ.

ಕಂಸಾಳೆ ಹೇಗಿರುತ್ತದೆ? ದೊಡ್ಡ ತಾಳ ಅಂದುಕೊಳ್ಳಬಹುದಾ?

ಅಂದುಕೊಳ್ಳಬಹುದು, ಆದರೆ ಎರಡೂ ಒಂದೇ ಆಕಾರದವಲ್ಲ. ಕಂಚಿನದು. ಎಡಗೈಯಲ್ಲಿ ಕೂರುವುದು ನಡುವೆ ಬಟ್ಟಲಿನಂತೆ ಗುಂಡಿ ಇರುವ ತಾಳ, ಅದನ್ನು ಅಂಗೈಗೆ ಒತ್ತಿ ಹಿಡಿಯುತ್ತಾರೆ. ಬಲಗೈಯದು ಹೆಚ್ಚು ಚಪ್ಪಟೆ, ಅದರ ನಡುವಿನಿಂದ ಉದ್ದನೆಯ ದಾರ ಹೊರಟಿರುತ್ತದೆ. ಕೂತು ಕಥೆ ಹಾಡುವಾಗ ಈ ಬಲಗೈ ತಾಳ ಎಡಗೈಯ ಅಂಚಿಗೆ ಸವರಿ ಸವರಿ ಬೀಳುತ್ತದೆ, ದನಿ ಮಾತಿನ ಕೆಳಗೇ ಇರುತ್ತದೆ. ಎದ್ದು ನಿಂತು ಬೀಸತೊಡಗಿದರೆ ಅದೇ ದಾರದ ತುದಿಯಲ್ಲಿ ತಾಳ ತಲೆ ಸುತ್ತ, ಹೆಗಲ ಮೇಲೆ, ಮಂಡಿಯ ಕೆಳಗೆ ಹಾರಿ ಬಂದು ಎಡಗೈಯ ಬಟ್ಟಲಿಗೇ ಬಡಿಯಬೇಕು. ಎದುರಿನವನ ಕಂಸಾಳೆಗೆ ಬಡಿದು ಬರುವುದೂ ಉಂಟು. ಲಯ ಒಂದು ಕೂದಲೆಳೆ ತಪ್ಪಿದರೆ ಕಂಚು ಹಲ್ಲಿಗೆ ಬೀಳುತ್ತದೆ.

ಬೀಸು ಕಂಸಾಳೆಯೂ ಕಥೆ ಹಾಡುವುದೂ ಒಂದೇನಾ?

ಮೂಲ ಒಂದೇ, ಆದರೆ ಈಗ ದಾರಿ ಬೇರೆಯಾಗಿವೆ. ವೇದಿಕೆಯಲ್ಲಿ ಹತ್ತು ನಿಮಿಷ ಸಿಗುವುದು ಬೀಸು ಕಂಸಾಳೆಗೆ. ಕಥೆಗೆ ಒಂದು ರಾತ್ರಿ ಬೇಕು. ಮುಂದಾಳು ಕಥೆ ಎತ್ತುತ್ತಾನೆ, ಒಂದಿಬ್ಬರು ಸಂಗಡಿಗರು ಏಕತಾರಿ, ದಮ್ಮಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಸೊಲ್ಲಿನ ಕೊನೆಗೆ ದನಿ ಸೇರಿಸುತ್ತಾರೆ. ಹಾಡು ನಿಂತು ಮಾತು ಬರುತ್ತದೆ, ಮಾತು ಬಿಸಿಯಾದಂತೆ ತಿರುಗಿ ಹಾಡಾಗುತ್ತದೆ. ನಡುವೆ ಕೇಳುವವರು ‘ಉಘೇ ಮಾದಪ್ಪ, ಉಘೇ ಉಘೇ’ ಎನ್ನದಿದ್ದರೆ ಹಾಡುವವನಿಗೆ ಕಥೆ ಮುಂದೆ ಹೋಗುವುದಿಲ್ಲ. ಜನರ ಮನಸ್ಸಿನ ಮೇಲೆ ಹಾಡು ಏನು ಮಾಡುತ್ತದೆ ಎಂದು ಕೇಳುವವರು ಈ ಎರಡನೆಯದನ್ನು ನೋಡಬೇಕು. ಮೊದಲನೆಯದು ಬೆರಗು ಹುಟ್ಟಿಸುತ್ತದೆ, ಅಷ್ಟೇ.

ಕಥೆ ಏನು? ಚಿಕ್ಕದಾಗಿ ಹೇಳಿ.

ಚಿಕ್ಕದಾಗಿ ಹೇಳಿದರೆ ಗುಡ್ಡರು ನಗುತ್ತಾರೆ. ಆದರೂ ಹೀಗೆ: ಉತ್ತರ ದೇಶದಲ್ಲಿ ಉತ್ತರಾಜಮ್ಮನ ಮಗನಾಗಿ ಕಾಣಿಸಿಕೊಂಡ ಮಾದಪ್ಪ, ದೇವತೆಗಳನ್ನೇ ಜೀತಕ್ಕಿಟ್ಟುಕೊಂಡಿದ್ದ ಶ್ರವಣ ದೊರೆಯನ್ನು ಮುಗಿಸುತ್ತಾನೆ. ತೆಂಕಣಕ್ಕೆ ಬರುತ್ತಾನೆ. ಸುತ್ತೂರು ಮಠದಲ್ಲಿ ರಾಗಿ ಬೀಸುತ್ತಾನೆ, ಕುಂತೂರು ಮಠ ಹಾದು ಹುಲಿಯ ಮೇಲೆ ಮಲೆಗೆ ಹೋಗಿ ನೆಲೆಸುತ್ತಾನೆ. ಅಲ್ಲಿಂದ ತನಗೆ ಬೇಕಾದವರನ್ನು ಒಬ್ಬೊಬ್ಬರನ್ನಾಗಿ ಹುಡುಕಿಕೊಂಡು ಹೊರಡುತ್ತಾನೆ. ಆಲಂಬಾಡಿ ಜುಂಜೇಗೌಡ, ಸಂಕಮ್ಮ, ಇಕ್ಕೇರಿ ದೇವಮ್ಮ, ಬೇವಿನಟ್ಟಿ ಕಾಳಮ್ಮ, ಸರಗೂರಯ್ಯ. ಒಬ್ಬೊಬ್ಬರದೂ ಒಂದೊಂದು ‘ಸಾಲು’. ಒಂದು ಸಾಲೇ ಒಂದು ರಾತ್ರಿಯನ್ನು ನುಂಗುತ್ತದೆ.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಭಕ್ತರು ದೇವರನ್ನು ಹುಡುಕಿಕೊಂಡು ಹೋಗುವ ಕಥೆ ನಮಗೆ ಗೊತ್ತು. ಇಲ್ಲಿ ದೇವರಿಗೇ ಒಕ್ಕಲು ಬೇಕು. ಗುಡಿ ಕಟ್ಟಿಸುವ ಗೌಡ ಬೇಕು, ರಾಗಿ ಕೊಡುವ ಮನೆ ಬೇಕು, ತನ್ನ ಹೆಸರು ಹೇಳುವ ಮಕ್ಕಳು ಬೇಕು. ಅವನು ಬೆಟ್ಟ ಇಳಿದು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಮಲೆಯ ಜನ ಬದುಕನ್ನು ನೋಡುವ ರೀತಿಯ ಬೇರು ನನ್ನ ಪ್ರಕಾರ ಇಲ್ಲಿದೆ: ಅವರ ಪಾಲಿಗೆ ದೇವರು ಕೊಟ್ಟು ತೆಗೆದುಕೊಳ್ಳುವ ಸಂಬಂಧದಲ್ಲಿರುವವನು. ಅವನಿಗೂ ನಮ್ಮಿಂದ ಆಗಬೇಕಾದ್ದಿದೆ. ಕಷ್ಟ ಬಂದಾಗ ಅವನನ್ನು ಬೈಯುವ ಹಕ್ಕೂ ಅಲ್ಲಿಂದಲೇ ಬರುತ್ತದೆ.

ಇಷ್ಟು ದೊಡ್ಡ ಕಥೆಯನ್ನು ಓದು ಬರಹ ಬಾರದವರು ಹೇಗೆ ನೆನಪಿಟ್ಟುಕೊಳ್ಳುತ್ತಾರೆ?

ಪದಶಃ ಬಾಯಿಪಾಠ ಯಾರೂ ಮಾಡುವುದಿಲ್ಲ. ಕಥೆಯ ನಡೆ ಗೊತ್ತು. ಕಾಡು ಬಂದರೆ ಕಾಡಿಗೆ, ಅಳು ಬಂದರೆ ಅಳುವಿಗೆ, ಸಿಂಗಾರಕ್ಕೆ, ಸಿಟ್ಟಿಗೆ ಸಿದ್ಧವಾದ ಸೊಲ್ಲುಗಳಿವೆ. ಎಳೆಯುವುದೂ ಮೊಟಕುಗೊಳಿಸುವುದೂ ಮುಂದೆ ಕೂತವರನ್ನು ನೋಡಿಕೊಂಡು. ಹಾಗಾಗಿ ಒಬ್ಬರ ಸಂಕಮ್ಮನ ಸಾಲು ಇನ್ನೊಬ್ಬರದರಂತಿರುವುದಿಲ್ಲ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ಪಾಠಕ್ಕೂ, ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿಸಿದ ಪಾಠಕ್ಕೂ ಎಷ್ಟೋ ಕಡೆ ಹೊಂದಿಕೆಯಾಗುವುದಿಲ್ಲ. ‘ಯಾವುದು ಅಸಲಿ?’ ಎಂದು ಕೇಳಿದರೆ ಹಾಡುವವರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ.

ಸಂಕಮ್ಮನ ಸಾಲಿಗೆ ಯಾಕೆ ಅಷ್ಟು ಬೆಲೆ?

ಸಂಕಮ್ಮ ಸೋಲಿಗರ ಹೆಣ್ಣು. ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲ. ಗಂಡ ನೀಲೇಗೌಡ ಕಾಡಿಗೆ ಬೇಟೆಗೆ, ಜೇನಿಗೆ ಹೊರಟು ನಿಂತವನು, ತಾನು ಇಲ್ಲದಾಗ ನೀನು ಸರಿಯಾಗಿರುತ್ತೀಯೆಂದು ಬಲಗೈ ಮುಟ್ಟಿ ಭಾಷೆ ಕೊಡು ಎನ್ನುತ್ತಾನೆ. ಅವಳು ಕೊಡುವುದಿಲ್ಲ. ತಪ್ಪೇ ಮಾಡದವಳು ಭಾಷೆ ಯಾಕೆ ಕೊಡಬೇಕು ಎಂಬುದು ಅವಳ ನಿಲುವು. ಮೊದಲು ಬೇಡುತ್ತಾನೆ, ಆಮೇಲೆ ಬೆದರಿಸುತ್ತಾನೆ, ಕೊನೆಗೆ ಹೊಡೆದು ಬಡಿದು, ಉಟ್ಟದ್ದನ್ನೂ ಕಿತ್ತು, ಬಂಧನ ಹಾಕಿ ಹೋಗುತ್ತಾನೆ. ಅವಳು ಆಗಲೂ ಭಾಷೆ ಕೊಡುವುದಿಲ್ಲ. ಅವಳು ಕೂಗಿದ್ದಕ್ಕೆ ಮಾದಪ್ಪ ಜಂಗಮನಾಗಿ ಬಾಗಿಲಿಗೆ ಬಂದು ಭಿಕ್ಷೆ ಕೇಳುತ್ತಾನೆ. ಕೈಕಾಲು ಆಡದವಳು, ಮೈಮೇಲೆ ಬಟ್ಟೆಯಿಲ್ಲದವಳು ಹೇಗೆ ಹೊರಗೆ ಬಂದು ನೀಡಬೇಕು? ‘ಕೋಲುಮಂಡೆ’ ಎಂದು ಊರೆಲ್ಲ ಗುನುಗುವ ಹಾಡು ನಿಂತಿರುವುದು ಈ ಜಾಗದಲ್ಲಿ. ಮದುವೆ ಮನೆಯಲ್ಲಿ ಅದಕ್ಕೆ ಕುಣಿಯುವವರಿಗೆ ಇದು ಗೊತ್ತಿರುವುದಿಲ್ಲ.

ಮಾದಪ್ಪ ಬಂಧನ ಬಿಡಿಸುತ್ತಾನೆ, ಮಕ್ಕಳ ಫಲ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ. ಬಿಟ್ಟಿಗೆ ಕೊಡುವುದಿಲ್ಲ, ಹುಟ್ಟಿದ್ದರಲ್ಲಿ ತನಗೂ ಪಾಲು ಕೇಳುತ್ತಾನೆ. ಮೇಲೆ ಹೇಳಿದ ಹರಕೆ, ಮಗನನ್ನು ಗುಡ್ಡನಾಗಿ ಬಿಡುವ ಪದ್ಧತಿ, ಎಲ್ಲಕ್ಕೂ ಜನ ತೋರಿಸುವ ಮೇಲ್ಪಂಕ್ತಿ ಸಂಕಮ್ಮನದೇ.

ರಾತ್ರಿಯೆಲ್ಲ ಇದನ್ನು ಕೇಳುವಾಗ ಹೆಂಗಸರ ಸಾಲಿನಲ್ಲಿ ಸೆರಗು ಕಣ್ಣಿಗೆ ಹೋಗುವುದನ್ನು ನೋಡಬೇಕು. ಗಂಡನ ಮಾತು ಮೀರಿದವಳನ್ನು ಊರು ಸುಮ್ಮನೆ ಬಿಡುವುದಿಲ್ಲ ಎಂದು ಅವರಿಗೆ ಗೊತ್ತು. ಆದರೆ ಅದೇ ಊರು ವರ್ಷಕ್ಕೊಮ್ಮೆ, ಮೀರಿದವಳನ್ನೇ ಶರಣೆ ಎಂದು ಕೈಮುಗಿದು ಕೇಳುತ್ತದೆ. ಇದರಿಂದ ಮನೆಯೊಳಗಿನ ಹೊಡೆತ ನಿಂತಿದೆ ಎಂದು ನಾನು ಹೇಳುವುದಿಲ್ಲ. ಆದರೆ ‘ಸಂಕವ್ವನಿಗೆ ಕೊಟ್ಟ ಹಾಗೆ ಕೊಡಬೇಡ’ ಎಂದು ಅತ್ತೆಯೊಬ್ಬಳು ಮಗನಿಗೆ ಅನ್ನಲು ಒಂದು ಮಾತು ಸಿಕ್ಕಿದೆ.

ಇನ್ನೂ ಒಂದು. ವೀರಪ್ಪನ್ ಹುಡುಕಾಟದ ವರ್ಷಗಳಲ್ಲಿ ಈ ಮಲೆಯ ಊರುಗಳವರನ್ನು, ಹೆಂಗಸರನ್ನೂ ಸೇರಿಸಿ, ಪೊಲೀಸರು ಹಿಡಿದೊಯ್ದು ಹಿಂಸಿಸಿದ ದೂರುಗಳು, ಅವನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ಸದಾಶಿವ ಸಮಿತಿಯ ಮುಂದೆ ಬಂದವು. ಮಾಡದ ತಪ್ಪು ಒಪ್ಪಿಕೋ ಎಂದು ಬಡಿಸಿಕೊಂಡ ಜನ ಸಂಕಮ್ಮನ ಸಾಲನ್ನು ಹೇಗೆ ಕೇಳಿಸಿಕೊಂಡಿರಬಹುದು ಎಂದು ಊಹಿಸಲು ಪಂಡಿತರಾಗಬೇಕಿಲ್ಲ.

ದೇವರೇ ಭಿಕ್ಷೆ ಬೇಡುವುದು ಯಾಕೆ?

ಕೊಡುವ ಕೈಯನ್ನು ಪರೀಕ್ಷಿಸಲು. ಬೇವಿನಟ್ಟಿ ಕಾಳಮ್ಮನದು ತುಂಬಿದ ಮನೆ, ಕೈ ಮಾತ್ರ ಬಿಗಿ. ಬಂದ ಜಂಗಮನಿಗೆ ನೀಡದವಳ ಐಶ್ವರ್ಯ ಉಳಿಯುವುದಿಲ್ಲ. ಈ ಸಾಲುಗಳನ್ನು ಕೇಳಿ ಬೆಳೆದವರ ಮನೆಯಲ್ಲಿ ಇಲ್ಲ ಎಂಬ ಮಾತನ್ನು ಬಾಗಿಲಲ್ಲಿ ನಿಂತವರಿಗೆ ನೇರವಾಗಿ ಹೇಳುವುದಿಲ್ಲ. ‘ಮುಂದಕ್ಕೆ ಹೋಗಪ್ಪಾ’ ಎನ್ನುತ್ತಾರೆ. ಇದ್ದದ್ದನ್ನು ಇಲ್ಲವೆಂದರೆ ಇಲ್ಲವೇ ಆಗಿಹೋಗುತ್ತದೆ ಎಂಬ ಭಯ ಮಜ್ಜೆಗೆ ಇಳಿದಿದೆ.

ಇದನ್ನು ಭಕ್ತಿ ಎಂದಷ್ಟೇ ನೋಡಿದರೆ ಸಾಲದು. ಮಲೆಯಲ್ಲಿ ಬೇಸಾಯ ಮಳೆಯನ್ನು ನಂಬಿದ್ದು. ರಾಗಿ ಬಂದರೆ ಬಂತು, ಆನೆ ಹಂದಿ ನುಗ್ಗಿದರೆ ಹೋಯಿತು. ಈ ವರ್ಷ ನಿಮ್ಮ ಹೊಲ, ಮುಂದಿನ ವರ್ಷ ನಮ್ಮದು. ಹೀಗಿರುವಾಗ ಮನೆಯಲ್ಲಿ ಇದ್ದದ್ದು ಬೀದಿಯಲ್ಲಿ ಓಡಾಡುತ್ತಿರಬೇಕು, ಕಣಜದಲ್ಲಿ ಕೂತರೆ ಊರು ಉಳಿಯುವುದಿಲ್ಲ. ಗುಡ್ಡನ ಜೋಳಿಗೆಗೆ ಬಿದ್ದ ರಾಗಿ ಎಲ್ಲ ಅವನ ಮನೆಗೇ ಹೋಗುವುದಿಲ್ಲ. ಪರಸೆ (ಬೆಟ್ಟಕ್ಕೆ ನಡೆದು ಹೋಗುವ ಭಕ್ತರ ಗುಂಪು) ಹೊರಟಾಗ, ಮಾದಪ್ಪನ ಹೆಸರಿನಲ್ಲಿ ಅನ್ನ ಹಾಕುವಾಗ ಅದು ಹೊರಗೆ ಬರುತ್ತದೆ. ಬೆಟ್ಟದ ದಾಸೋಹದಲ್ಲಿ ಯಾರನ್ನೂ ಯಾವೂರು ಎಂದು ಕೇಳದೆ ಬಡಿಸುತ್ತಾರೆ.

ಈ ದೇವರು ಮೋಸ ಮಾಡುತ್ತಾನೆ, ಶಾಪ ಹಾಕುತ್ತಾನೆ. ಇಂಥವನಿಂದ ಜನ ಕಲಿಯುವುದೇನು?

ಒಳ್ಳೆಯ ಪ್ರಶ್ನೆ, ಆದರೆ ಕೇಳುವವರು ಸಾಮಾನ್ಯವಾಗಿ ಬೇರೆ ದೇವರುಗಳ ಕಥೆ ಮರೆತಿರುತ್ತಾರೆ. ಮಾಯ್ಕಾರ ಎನ್ನುವುದು ಮಾದಪ್ಪನಿಗೆ ಬೈಗುಳವಲ್ಲ, ಬಿರುದು. ಜುಂಜೇಗೌಡನಂಥ ಸಿರಿವಂತ ತಲೆಬಾಗದಿದ್ದರೆ ಅವನ ದನಕುರಿಗಳ ಮೇಲೆ ಕೈ ಇಡುತ್ತಾನೆ. ಬಲವಿದ್ದವನನ್ನು ಬಲದಿಂದ ಎದುರಿಸಲಾಗದವರಿಗೆ ಉಳಿಯುವುದು ಉಪಾಯ. ಗೌಡರ, ಅಮಲ್ದಾರರ, ಫಾರೆಸ್ಟಿನವರ ನಡುವೆ ಬದುಕಿದ ಜನರಿಗೆ ಉಪಾಯವಂತ ದೇವರು ಹತ್ತಿರದವನಾಗಿ ಕಂಡರೆ ತಪ್ಪೇನು? ಅವನ ಕೋಪವನ್ನು ಮಾತ್ರ ಯಾರೂ ಮೆಚ್ಚಿ ಹಾಡುವುದಿಲ್ಲ. ‘ಅವನ ತಂಟೆಗೆ ಹೋಗಬೇಡ, ಹೇಳಿದ ಹರಕೆ ತೀರಿಸು’ ಎಂಬಲ್ಲಿಗೆ ಅದು ನಿಲ್ಲುತ್ತದೆ. ಹರಕೆ ಮರೆತು ಮನೆಯಲ್ಲಿ ಏನಾದರೂ ಕೆಟ್ಟರೆ ತಪ್ಪುಕಾಣಿಕೆ ಕಟ್ಟಿಟ್ಟು ಬೆಟ್ಟಕ್ಕೆ ಹೋಗುತ್ತಾರೆ. ಅಪರಾಧ, ದಂಡ, ರಾಜಿ. ಜನ್ಮಾಂತರದ ಪಾಪವನ್ನು ಹೊತ್ತು ತಿರುಗುವ ಕೊರಗು ಇಲ್ಲಿ ನನಗೆ ಅಷ್ಟಾಗಿ ಕಂಡಿಲ್ಲ.

ಜಾತಿಯ ವಿಷಯದಲ್ಲಿ ಈ ಹಾಡುಗಳು ಏನು ಹೇಳುತ್ತವೆ?

ಶ್ರವಣನನ್ನು ಮುಗಿಸುವುದು ಆಯುಧವಲ್ಲ, ಮಾದಿಗರ ಹರಳಯ್ಯ ಮಾಡಿಕೊಟ್ಟ ಅರಗಿನ ಕೆರ (ಚಪ್ಪಲಿ). ದೇವರಿಗೆ ಒಬ್ಬಂಟಿಯಾಗಿ ಆಗದ ಕೆಲಸ ಚಮ್ಮಾರನ ಕೈಯಿಂದ ಆಗುತ್ತದೆ. ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲೂ ಇದಕ್ಕೆ ಜೊತೆ ಸಿಗುತ್ತದೆ: ಅಲ್ಲಿನ ರಂಗನಾಥನಿಗೆ ಬೂದಿತಿಟ್ಟಿನ ಮಾದಿಗ ಮನೆತನದವರು ಎರಡು ವರ್ಷಕ್ಕೊಮ್ಮೆ ದೊಡ್ಡ ಹೆಜ್ಜೆಗೆ ಒಪ್ಪುವಂಥ ಚಪ್ಪಲಿ ಹೊಲಿದು ತರುತ್ತಾರೆ, ಅದನ್ನು ಮೆಟ್ಟಿ ಸ್ವಾಮಿ ಕಾಡು ಸುತ್ತುತ್ತಾನೆಂದು ನಂಬಿಕೆ.

ಹಾಡಿನಲ್ಲಿ ಇಷ್ಟು ಉದಾರವಾಗಿರುವ ಊರುಗಳಲ್ಲಿ ಕೇರಿ ಮಾತ್ರ ಇನ್ನೂ ಊರಾಚೆಗೇ ಇದೆ. ಹರಳಯ್ಯನ ಹೆಸರು ಬಂದಾಗ ಉಘೇ ಎಂದವನೇ ಬೆಳಿಗ್ಗೆ ಹೋಟೆಲಿನಲ್ಲಿ ಬೇರೆ ಲೋಟ ನೋಡುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಹಾಡು ಮನಸ್ಸನ್ನು ರೂಪಿಸುತ್ತದೆ ಎನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸೋಲಿಗರ ಹಾಡುಗಳೂ ಇವೇನಾ?

ಮಾದಪ್ಪನ ಬೆಟ್ಟದ ಸೋಲಿಗರಿಗೆ ಕಾರಯ್ಯ ಬಿಲ್ಲಯ್ಯರ ಕಥೆ ತಮ್ಮ ವಂಶದ ಕಥೆ. ಬಿಳಿಗಿರಿರಂಗನ ಬೆಟ್ಟದ ಕಡೆಗೆ ಹೋದರೆ ಗಾಳಿಯೇ ಬೇರೆ. ಅಲ್ಲಿಯದು ‘ಗೊರುಕಾನ ಗೊರುಕಾನ’ ಎಂಬ ಪಲ್ಲವಿಯ ಹಾಡು. ರಾಗಿ ಕೊಯ್ಲಾದ ಮೇಲೆ ಬರುವ ರೊಟ್ಟಿಹಬ್ಬದ ರಾತ್ರಿ ಗಂಡು ಹೆಣ್ಣು ಸೇರಿ ಬೆಂಕಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುತ್ತಾರೆ. ಹಕ್ಕಿ, ಮೃಗ, ಮರ, ಜೇನು ಒಂದರ ಹಿಂದೊಂದು ಬರುತ್ತವೆ. ನಡುವೆ ಕೀಟಲೆ, ಹುಡುಗ ಹುಡುಗಿಯ ಸರಸ. ಹಾಡಿನ ರಾತ್ರಿ ಮನಸ್ಸು ಕೂಡಿದವರು ಕಾಡಿಗೆ ಓಡಿಹೋಗುವುದು, ಕೆಲವು ದಿನ ಬಿಟ್ಟು ಮರಳಿದಾಗ ಕುಲದ ಹಿರಿಯರು ಸಣ್ಣ ದಂಡ ಹಾಕಿ ಮದುವೆ ಒಪ್ಪುವುದು ಅಲ್ಲಿ ಹೊಸದಲ್ಲ. ಬಯಲಿನವರು ಇದನ್ನು ಕೇಳಿ ಹುಬ್ಬೇರಿಸುತ್ತಾರೆ. ಸೋಲಿಗರಿಗೆ ಬಯಲಿನ ವರದಕ್ಷಿಣೆ ಕೇಳಿದರೆ ಹುಬ್ಬೇರುತ್ತದೆ.

ರಂಗನಾಥ ಅವರಿಗೆ ಭಾವ. ಸೋಲಿಗರ ಕುಸುಮಾಲೆಯನ್ನು ಒಲಿದು ಮದುವೆಯಾದವನು, ಹಾಗಾಗಿ ರಂಗಭಾವ. ಭಾವನ ಮುಂದೆ ಕೈಮುಗಿಯಬಹುದು, ಹಾಸ್ಯವನ್ನೂ ಮಾಡಬಹುದು.

ಕಾಡಿನ ಬಗ್ಗೆ ಇವರ ನೋಟವನ್ನು ಹಾಡು ಬದಲಿಸಿದೆಯೇ? ಇವರು ಹುಟ್ಟಾ ಪರಿಸರವಾದಿಗಳೇ?

‘ಪರಿಸರವಾದಿ’ ಎಂಬ ಅಂಗಿ ಅವರ ಮೈಗೆ ಕೂರುವುದಿಲ್ಲ. ಬಿಳಿಗಿರಿಯ ಸೋಲಿಗರಲ್ಲಿ ಒಂದೊಂದು ಕುಲಕ್ಕೆ ಒಂದೊಂದು ‘ಎಲ್ಲೆ’ ಇದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ನೆಲೆಗಳು. ಸೋಲಿಗರ ಜೊತೆ ಕೂತು ಸಂಶೋಧಕರು ಇಂಥ ನಾಲ್ಕು ನೂರಕ್ಕೂ ಹೆಚ್ಚು ಜಾಗಗಳನ್ನು ನಕ್ಷೆಗೆ ಏರಿಸಿದ್ದಾರೆ. ಕಾಡು ಎಂದರೆ ಅವರಿಗೆ ಹೆಸರಿರುವ ಜಾಗಗಳ ಸರಣಿ. ಹಾಡು ಆ ಹೆಸರುಗಳನ್ನು ಬಾಯಲ್ಲಿ ಉಳಿಸುತ್ತದೆ. ಕಾಡನ್ನು ಮುಟ್ಟಬೇಡಿ ಎಂದು ಹೇಳುವುದಿಲ್ಲ. ಅವರು ಮುಟ್ಟುತ್ತಿದ್ದರು, ಬೇಸಿಗೆ ಮೊದಲು ‘ತರಗು ಬೆಂಕಿ’ ಹಾಕಿ ಒಣಗಿದ ಎಲೆ ಸುಡುತ್ತಿದ್ದರು. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಕಳೆ ಹಬ್ಬಿತು, ನೆಲ್ಲಿ ಮರಗಳ ಮೇಲೆ ‘ಉಪ್ಪಿಲು’ ಎಂಬ ಬಂದಳಿಕೆ ಹೆಚ್ಚಿತು ಎಂಬುದು ಅವರ ವಾದ. ಬಿಳಿಗಿರಿಯನ್ನು ಹುಲಿ ರಕ್ಷಿತಾರಣ್ಯ ಮಾಡಿದ ಬೆನ್ನಲ್ಲೇ, 2011ರಲ್ಲಿ, ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯ ಹಕ್ಕುಗಳಿಗೆ ಮನ್ನಣೆ ಸಿಕ್ಕಿತು. 

ಮಾದಪ್ಪನ ಬೆಟ್ಟದ ಕಡೆ ವಿಷಯ ಕಹಿಯಾಗಿದೆ. 2013ರಲ್ಲಿ ಅದು ವನ್ಯಧಾಮವಾಯಿತು, ಹುಲಿ ರಕ್ಷಿತಾರಣ್ಯ ಮಾಡುವ ಮಾತಿಗೆ ಊರವರ ವಿರೋಧ ಇದೆ. ಹುಲಿ ಮಾದಪ್ಪನ ವಾಹನ. ಹರಕೆ ಹೊತ್ತವರು ಬೆಳ್ಳಿಯ ಹುಲಿವಾಹನದ ಉತ್ಸವ ಮಾಡಿಸುತ್ತಾರೆ. ಅದೇ ಬೆಟ್ಟದ ಹೂಗ್ಯಂ ವಲಯದಲ್ಲಿ 2025ರ ಜೂನ್‌ನಲ್ಲಿ ತಾಯಿಹುಲಿಯೊಂದು ತನ್ನ ನಾಲ್ಕು ಮರಿಗಳೊಂದಿಗೆ ವಿಷ ಬೆರೆತ ಹಸುವಿನ ಮಾಂಸ ತಿಂದು ಸತ್ತಿತು. ಹಸು ಕಳೆದುಕೊಂಡ ಸಿಟ್ಟಿಗೆ ವಿಷ ಹಾಕಿದ್ದೆಂಬುದು ಆರೋಪ. ‘ಮಾದಪ್ಪನ ಹುಲಿಗೇ ವಿಷ ಹಾಕಿದರಲ್ಲ’ ಎಂದು ಊರೂರಲ್ಲಿ ಹೇಳಿಕೊಂಡರು. ಹಾಗೆ ಹೇಳಿದವರಲ್ಲಿ ದನ ಮೇಯಿಸುವವರೂ ಇದ್ದರು. ಹಾಡು ಕೇಳಿದ ಕಿವಿಗೂ ಹಸು ಸತ್ತಾಗ ಉರಿಯುವ ಹೊಟ್ಟೆಗೂ ನಡುವೆ ದೂರವಿದೆ. ಪರಿಹಾರದ ಹಣ ಬೇಗ ಬಂದರೆ ಆ ದೂರ ಸ್ವಲ್ಪ ಕಡಿಮೆಯಾಗುತ್ತದೆ, ಹಾಡು ಒಂದೇ ಆ ಕೆಲಸ ಮಾಡಲಾರದು.

ಹೆಂಗಸರು ಕಂಸಾಳೆ ಹಿಡಿಯುತ್ತಾರಾ?

ಸಂಪ್ರದಾಯದಲ್ಲಿ ಗುಡ್ಡರು ಗಂಡಸರೇ. ಈಗ ಕಾಲೇಜು ತಂಡಗಳಲ್ಲಿ ಹುಡುಗಿಯರು ಬೀಸು ಕಂಸಾಳೆ ಕಲಿತು ಚೆನ್ನಾಗಿಯೇ ಕುಣಿಯುತ್ತಾರೆ. ಬೆಟ್ಟದ ಆಚರಣೆಯಲ್ಲಿ ಹೆಣ್ಣುಮಕ್ಕಳ ಜಾಗ ಬೇರೆ. ದೀಪಾವಳಿಯ ಹಾಲರವಿಯಂದು 101 ಮಂದಿ ಬೇಡಗಂಪಣ ಹೆಣ್ಣುಮಕ್ಕಳು ಹಾಲಹಳ್ಳದಿಂದ ನೀರು ಹೊತ್ತು ಗುಡಿಗೆ ತರುತ್ತಾರೆ. ಇನ್ನು ಪರಸೆಯ ದಾರಿಯಲ್ಲಿ ಸೊಲ್ಲು ಎತ್ತುವವರು ಹೆಚ್ಚಾಗಿ ಮುದುಕಿಯರೇ, ಅವರಿಗೆ ಯಾರ ದೀಕ್ಷೆಯೂ ಬೇಕಾಗಿಲ್ಲ.

ನೀಲಗಾರರೂ ಇವರೂ ಒಂದೇನಾ?

ಅಲ್ಲ. ನೀಲಗಾರರು ಮಂಟೇಸ್ವಾಮಿ, ಸಿದ್ದಪ್ಪಾಜಿ ಪರಂಪರೆಯವರು, ಕೈಯಲ್ಲಿ ತಂಬೂರಿ, ಗಗ್ಗರ. ಅವರ ದೊಡ್ಡ ಜಾತ್ರೆ ಚಿಕ್ಕಲ್ಲೂರಿನಲ್ಲಿ. ಎರಡೂ ಒಂದೇ ನೆಲದವು, ಕೇಳುವ ಜನರೂ ಬಹುಪಾಲು ಅವರೇ.

2020ರಲ್ಲಿ ರ್‍ಯಾಪ್ ಹಾಡಿಗೆ ಅಷ್ಟೊಂದು ಗಲಾಟೆ ಯಾಕಾಯಿತು?

ಗಣೇಶನ ಹಬ್ಬದ ಹೊತ್ತಿಗೆ ಜನಪ್ರಿಯ ಗಾಯಕರೊಬ್ಬರು ‘ಕೋಲುಮಂಡೆ’ಯನ್ನು ಹೊಸ ಧಾಟಿಯಲ್ಲಿ ಮಾಡಿ ವಿಡಿಯೋ ಬಿಟ್ಟರು. ಸಂಕಮ್ಮನನ್ನು ತೋರಿಸಿದ ರೀತಿ ಮಾದಪ್ಪನ ಒಕ್ಕಲಿಗೆ ಸಹಿಸಲಾಗಲಿಲ್ಲ. ಕೊನೆಗೆ ಕ್ಷಮೆ ಕೇಳಿ ವಿಡಿಯೋ ತೆಗೆದರು. ‘ಜಾನಪದಕ್ಕೆ ವಾರಸುದಾರರು ಯಾರು, ಯಾರು ಬೇಕಾದರೂ ಹಾಡಬಹುದಲ್ಲ’ ಎಂದು ಆಗ ಬಹಳ ಜನ ವಾದಿಸಿದರು. ಧಾಟಿ ಬದಲಿಸಿದ್ದಕ್ಕೆ ಯಾರೂ ಸಿಟ್ಟಾಗಿರಲಿಲ್ಲ. ಸಿನಿಮಾದವರು ಹಿಂದೆಯೇ ಬದಲಿಸಿದ್ದರು, ಜನ ಚಪ್ಪಾಳೆ ತಟ್ಟಿದ್ದರು. ಬಟ್ಟೆ ಕಿತ್ತು ಹಿಂಸಿಸಿದರೂ ಸೋಲದವಳ ಹಾಡಿಗೆ ಅವಳನ್ನೇ ನೋಟದ ವಸ್ತು ಮಾಡಿದ್ದು ಮೈ ಉರಿಸಿತು. ನನ್ನ ಮಟ್ಟಿಗೆ ಅವರ ಸಿಟ್ಟು ಸರಿ. ಬೆದರಿಕೆ ಹಾಕಿದವರದು ಸರಿಯಲ್ಲ.

ಗುಡ್ಡರು ಕಡಿಮೆಯಾಗುತ್ತಿದ್ದಾರಾ?

ಕುಣಿಯುವವರು ಹೆಚ್ಚಾಗಿದ್ದಾರೆ, ರಾತ್ರಿಯಿಡೀ ಹಾಡುವವರು ಕಡಿಮೆಯಾಗಿದ್ದಾರೆ. ಮಗನನ್ನು ಗುಡ್ಡನಾಗಿ ಬಿಡುವ ಹರಕೆ ಹೊರುವ ತಂದೆತಾಯಿ ಈಗ ಅವನ ಓದಿನ ಬಗ್ಗೆ ಯೋಚಿಸುತ್ತಾರೆ, ಯೋಚಿಸಬೇಕು ಕೂಡ. ಗಾರ್ಮೆಂಟ್ಸಿಗೋ ಕಟ್ಟಡ ಕೆಲಸಕ್ಕೋ ಬೆಂಗಳೂರು ಸೇರಿದ ಹುಡುಗ ಸೋಮವಾರದ ಭಿಕ್ಷೆಗೆ ರಜೆ ಕೇಳಲಾಗದು. ಕೆಲವರು ಶಿವರಾತ್ರಿಗೆ ಊರಿಗೆ ಬಂದು ಐದು ಮನೆಗೆ ಹೋಗಿ ವ್ರತ ಮುಗಿಸುತ್ತಾರೆ. ಇದಕ್ಕೆ ಹಿರಿಯ ಗುಡ್ಡರ ಆಕ್ಷೇಪಣೆ ಇಲ್ಲ. ಅವರ ಬೇಸರ ಇರುವುದು ಸರ್ಕಾರಿ ಉತ್ಸವಗಳಲ್ಲಿ ಬಸ್‌ ಚಾರ್ಜು ಕೊಟ್ಟು ಹತ್ತು ನಿಮಿಷಕ್ಕೆ ಇಳಿಸಿಬಿಡುವವರ ಮೇಲೆ.

ಯಾವಾಗ ಹೋದರೆ ಕೇಳಲು ಸಿಗುತ್ತದೆ?

ಶಿವರಾತ್ರಿ, ಯುಗಾದಿ, ದೀಪಾವಳಿ, ಮಹಾಲಯ ಅಮಾವಾಸ್ಯೆಗಳಲ್ಲಿ ಬೆಟ್ಟ ತುಂಬಿರುತ್ತದೆ. ಶಿವರಾತ್ರಿಗೆ ಕನಕಪುರ, ಮಂಡ್ಯ ಕಡೆಯ ಪರಸೆಗಳು ಕಾವೇರಿ ದಾಟಿ ಕಾಡಿನ ದಾರಿಯಲ್ಲಿ ನಡೆದು ಬರುತ್ತವೆ. ಆ ಜನಜಂಗುಳಿಯಲ್ಲಿ ಮೈಕಿನ ಅಬ್ಬರವೇ ಹೆಚ್ಚು, 108 ಅಡಿಯ ಹೊಸ ವಿಗ್ರಹದ ಮುಂದೆ ಸೆಲ್ಫಿ ತೆಗೆಯುವವರ ಸಾಲೂ ಉದ್ದ. ನಿಜವಾಗಿ ಕಥೆ ಕೇಳಬೇಕೆಂದರೆ ಕೊಳ್ಳೇಗಾಲ, ಹನೂರು, ಚಾಮರಾಜನಗರ ಸುತ್ತಿನ ಹಳ್ಳಿಗಳಲ್ಲಿ ಯಾರದಾದರೂ ಮನೆಯಲ್ಲಿ ಹರಕೆಯ ಕಥೆ ಮಾಡಿಸುವ ದಿನ ವಿಚಾರಿಸಿಕೊಂಡು ಹೋಗಿ. ಕರೆಯದೆ ಬಂದಿರಿ ಎಂದು ಯಾರೂ ಅನ್ನುವುದಿಲ್ಲ, ಊಟ ಮಾಡದೆ ಎದ್ದರೆ ಅನ್ನುತ್ತಾರೆ.

ರೆಕಾರ್ಡ್ ಮಾಡಿಕೊಳ್ಳಬಹುದಾ? ದುಡ್ಡು ಕೊಡಬೇಕಾ?

ಮೊದಲೇ ಮುಂದಾಳನ್ನು ಕೇಳಿ. ಹೆಚ್ಚಿನವರು ಒಪ್ಪುತ್ತಾರೆ, ಯೂಟ್ಯೂಬಿಗೆ ಹಾಕುವುದಾದರೆ ಅದನ್ನೂ ಬಾಯಿಬಿಟ್ಟು ಹೇಳಿ, ಅವರ ಹೆಸರು ಊರು ಕೇಳಿ ಬರೆದು ಹಾಕಿ. ದೀಪ ಹಚ್ಚಿ ಪೂಜೆ ಆಗುವ ಹೊತ್ತಿನಲ್ಲಿ ಫೋನು ಕೆಳಗಿಡಿ. ದುಡ್ಡನ್ನು ಕೈಗೆ ತುರುಕಬೇಡಿ, ಜೋಳಿಗೆಗೋ ಮುಂದೆ ಹಾಸಿದ ಟವೆಲ್ಲಿಗೋ ಹಾಕಿ. ಎಷ್ಟು ಎಂದು ಕೇಳಿದರೆ ‘ನಿಮ್ಮ ಮನಸ್ಸು’ ಎನ್ನುತ್ತಾರೆ. ರಾತ್ರಿಯೆಲ್ಲ ಹಾಡಿದ ಮೂವರಿಗೆ ಒಂದು ದಿನದ ಕೂಲಿಗಿಂತ ಕಡಿಮೆ ಕೊಡುವುದು ಮರ್ಯಾದೆಯಲ್ಲ.